ಕತ್ತಿನ ಮೇಲಿನ ಆ ಪುಟ್ಟ ಬಿಲ್ಲೆ ನೋಡಿ, ಆಮೇಲೆ ಹೆಸರು ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಆಮೆಗಳ ಆಯಸ್ಸಿನ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಬಗ್ಗೆ ಬರೆದದ್ದೂ ಸರಿಯಾಗಿಯೇ ಇತ್ತು. 1882ರಲ್ಲಿ ಆ ದ್ವೀಪಕ್ಕೆ ತಂದಾಗಲೇ ಅದು ಪೂರ್ತಿ ಬೆಳೆದ ಆಮೆ, ಹಾಗಾಗಿ 1832ರ ಸುಮಾರಿಗೆ ಹುಟ್ಟಿರಬೇಕು ಅನ್ನುವ ಲೆಕ್ಕ. ನನ್ನ ತಕರಾರು ಲೇಖನದ ಮೇಲಲ್ಲ, ಫೋಟೊಗಳ ಕೆಳಗೆ ಹಾಕಿದ ಒಂದೊಂದು ಸಾಲಿನ ಮೇಲೆ. ದೊಡ್ಡ ಫೋಟೊದ ಅಡಿ ‘ಗ್ಯಾಲಪಗೋಸ್ ದೈತ್ಯ ಆಮೆ’ ಅಂತ ಇದೆ. ಅದು ಅಲ್ಡಾಬ್ರಾ ಆಮೆ. ಪಕ್ಕದ ಚಿಕ್ಕ ಫೋಟೊದ ಅಡಿ ‘ನಕ್ಷತ್ರ ಆಮೆ’ ಅಂತ ಇದೆ. ಅದು ಮಡಗಾಸ್ಕರ್‌ನ ರೇಡಿಯೇಟೆಡ್ ಆಮೆ. ತಮಾಷೆ ಅಂದರೆ ಈ ಎರಡು ತಪ್ಪನ್ನೂ ಹಿಡಿದುಕೊಟ್ಟದ್ದು ಒಂದೇ ಗುರುತು. ಅದನ್ನು ಹೇಳೋಣ ಅಂತಲೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿ ಹಾಕುವುದಾದರೆ ಹಾಕಿ, ಆದರೆ ಆ ಗುರುತಿನ ಭಾಗವನ್ನು ಮಾತ್ರ ಬಿಡಬೇಡಿ.

ಆಮೆಯ ಬೆನ್ನ ಚಿಪ್ಪನ್ನು ಮೇಲಿಂದ ನೋಡಿ. ನೋಡಲು ಒಂದೇ ಹಲಗೆಯಲ್ಲ, ಬಿಲ್ಲೆ ಬಿಲ್ಲೆ ಜೋಡಿಸಿದ ಹಾಗಿರುತ್ತದೆ. ತಿಳಿದವರು ಸ್ಕ್ಯೂಟ್ ಅನ್ನುತ್ತಾರೆ, ನಾನು ಬಿಲ್ಲೆ ಅಂತಲೇ ಬರೆಯುತ್ತೇನೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಇವೂ ಆಗಿರುವುದು. ಬೆನ್ನಿನ ನಡುವೆ ಉದ್ದಕ್ಕೆ ಸಾಮಾನ್ಯವಾಗಿ ಐದು ಬಿಲ್ಲೆ, ಅದರ ಆಚೆ ಈಚೆ ನಾಲ್ಕು ನಾಲ್ಕು, ಸುತ್ತಲೂ ಅಂಚಿಗೆ ಚಿಕ್ಕ ಚಿಕ್ಕವು ಸಾಲಾಗಿ. ಈ ಅಂಚಿನ ಸಾಲಿನಲ್ಲಿ, ಸರಿಯಾಗಿ ಕತ್ತಿನ ಮೇಲೆ, ಕೆಲವು ಆಮೆಗಳಿಗೆ ಒಂದು ಪುಟ್ಟ ಬಿಲ್ಲೆ ಜಾಸ್ತಿ ಇರುತ್ತದೆ. ಎಡಕ್ಕೂ ಸೇರದೆ ಬಲಕ್ಕೂ ಸೇರದೆ ಮಧ್ಯೆ ಸಿಕ್ಕಿಸಿದ ಹಾಗೆ. ಕೆಲವಕ್ಕೆ ಅದು ಇರುವುದೇ ಇಲ್ಲ, ಎಡ ಬಲದ ಬಿಲ್ಲೆಗಳು ನೇರವಾಗಿ ಒಂದನ್ನೊಂದು ಮುಟ್ಟುತ್ತವೆ. ಅದರ ಹೆಸರು ನ್ಯೂಕಲ್. ಕತ್ತಿನ ಬಿಲ್ಲೆ ಅನ್ನೋಣ, ಸಾಕು.

ಈಗ ನಿಮ್ಮ ದೊಡ್ಡ ಫೋಟೊ. ಆ ಆಮೆ ಕತ್ತು ಚಾಚಿಕೊಂಡು ಕ್ಯಾಮೆರಾ ಕಡೆಗೇ ನೋಡುತ್ತಿದೆ, ಕತ್ತಿನ ಬಿಲ್ಲೆ ಎದ್ದು ಕಾಣುತ್ತದೆ. ಅಲ್ಡಾಬ್ರಾ ಆಮೆಗೆ ಸಾಮಾನ್ಯವಾಗಿ ಈ ಬಿಲ್ಲೆ ಇರುತ್ತದೆ, ಗ್ಯಾಲಪಗೋಸ್ ಆಮೆಗೆ ಇರುವುದಿಲ್ಲ. ಎರಡೂ ಬೂದು ಬಣ್ಣ, ಎರಡೂ ಬಂಡೆಗಲ್ಲಿನ ಗಾತ್ರ, ಎರಡಕ್ಕೂ ಆನೆಕಾಲು, ದೂರದಿಂದ ನೋಡಿದರೆ ಅಣ್ಣ ತಮ್ಮ ಅನ್ನಬೇಕು. ಆದರೆ ಅಲ್ಡಾಬ್ರಾ ದ್ವೀಪ ಇರುವುದು ಹಿಂದೂ ಮಹಾಸಾಗರದಲ್ಲಿ, ಗ್ಯಾಲಪಗೋಸ್ ದ್ವೀಪಗಳು ಶಾಂತ ಸಾಗರದಲ್ಲಿ. ನಡುವೆ ಅರ್ಧ ಭೂಮಿಯೇ ಇದೆ. ಹತ್ತಿರದ ಸಂಬಂಧವೂ ಅಲ್ಲ. ತಲೆ ನೋಡಿದರೂ ಗೊತ್ತಾಗುತ್ತದೆ: ಅಲ್ಡಾಬ್ರಾದ್ದು ಮುಂದಕ್ಕೆ ಚೂಪಾಗುತ್ತಾ ಹೋಗುವ ಸಣ್ಣ ತಲೆ, ಗ್ಯಾಲಪಗೋಸ್‌ನದ್ದು ಮೊಂಡು ಮುಖ. ಜೊನಾಥನ್ ಕೂಡ ಈ ಅಲ್ಡಾಬ್ರಾ ಕಡೆಯದ್ದೇ. ಅಂದರೆ ನಿಮ್ಮ ಲೇಖನದ ನಾಯಕನ ಸಂಬಂಧಿಕನ ಫೋಟೊವನ್ನೇ ಹಾಕಿ ಬೇರೆಯವರ ಮನೆ ಹೆಸರು ಕೊಟ್ಟಿದ್ದೀರಿ!

ಇನ್ನು ಚಿಕ್ಕ ಫೋಟೊ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆ ಇರುವುದೆಲ್ಲ ನಕ್ಷತ್ರ ಆಮೆಯಲ್ಲ. ಭಾರತ, ಶ್ರೀಲಂಕಾ, ಪಾಕಿಸ್ತಾನದಲ್ಲಿ ಸಿಗುವ ನಕ್ಷತ್ರ ಆಮೆಗೆ ಕತ್ತಿನ ಬಿಲ್ಲೆ ಇಲ್ಲ. ರೇಡಿಯೇಟೆಡ್ ಆಮೆಗೆ ಇದೆ. ಇದು ಸಾಲದಿದ್ದರೆ ತಲೆ ನೋಡಿ, ರೇಡಿಯೇಟೆಡ್ ಆಮೆಯ ಹಳದಿ ತಲೆಗೆ ಮೇಲೊಂದು ಕಪ್ಪು ಟೋಪಿ ಹಾಕಿದ ಹಾಗಿರುತ್ತದೆ, ಕಾಲುಗಳೂ ಹಳದಿ. ನಿಮ್ಮ ಫೋಟೊದಲ್ಲಿ ಟೋಪಿಯೂ ಇದೆ, ಬಿಲ್ಲೆಯೂ ಇದೆ. ಇದಕ್ಕಿಂತ ಜಾಸ್ತಿ ಸಾಕ್ಷಿ ಏನು ಬೇಕು ಹೇಳಿ.

ಇದಕ್ಕೆ ಮೂರನೆಯ ಒಂದು ಗೊಂದಲವೂ ಸೇರಿಕೊಳ್ಳುತ್ತದೆ. ಮ್ಯಾನ್ಮಾರ್‌ನಲ್ಲಿ ಇನ್ನೊಂದು ನಕ್ಷತ್ರ ಆಮೆ ಇದೆ, ಬರ್ಮಾ ನಕ್ಷತ್ರ ಆಮೆ. ಇದಕ್ಕೂ ಕತ್ತಿನ ಬಿಲ್ಲೆ ಇಲ್ಲ. ಇಲ್ಲಿ ನಮ್ಮ ಗುರುತು ಕೈಕೊಡುತ್ತದೆ, ಗೆರೆ ಎಣಿಸಬೇಕು. ಬರ್ಮಾದ್ದರಲ್ಲಿ ಒಂದೊಂದು ಬಿಲ್ಲೆಗೆ ಆರು ಅಥವಾ ಅದಕ್ಕಿಂತ ಕಡಿಮೆ ಗೆರೆ, ಅಚ್ಚುಕಟ್ಟಾಗಿ ಎಳೆದ ಹಾಗೆ. ಭಾರತದ್ದರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ, ಹನ್ನೆರಡರವರೆಗೂ ಹೋಗುತ್ತದೆ. ಅನುಮಾನ ಇದ್ದರೆ ಹೊಟ್ಟೆ ನೋಡಿ. ಭಾರತದ ನಕ್ಷತ್ರ ಆಮೆಯ ಹೊಟ್ಟೆ ಚಿಪ್ಪಿನ ಮೇಲೂ ಗೆರೆಗಳು ಹರಡಿರುತ್ತವೆ, ಬರ್ಮಾದ್ದರಲ್ಲಿ ಗೆರೆ ಇಲ್ಲ, ಹಳದಿ ಮೇಲೆ ಕಪ್ಪು ಮಚ್ಚೆ ಅಷ್ಟೆ. ನನಗೆ ಆಮೆಗಳಲ್ಲಿ ಅತಿ ಚೆಂದ ಅನ್ನಿಸುವುದು ಈ ಬರ್ಮಾದ್ದೇ. ಕಾಡಿನಲ್ಲಿ ಹೆಚ್ಚುಕಡಿಮೆ ಮುಗಿದೇಹೋಗಿತ್ತು, ಸಾಕಿ ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ಟರು, ಹಾಗೆ ಉಳಿಯಿತು.

ಒಂದು ಹೆಸರು ಆಚೀಚೆ ಆದರೆ ಏನು ಮಹಾ ಅಂತ ನೀವು ಕೇಳಬಹುದು. ಕಳ್ಳಸಾಗಣೆಯಲ್ಲಿ ಸಿಕ್ಕಿಬೀಳುವ ಪ್ರಾಣಿಗಳಲ್ಲಿ ಆಮೆಗಳು ಮುಂಚೂಣಿಯಲ್ಲಿವೆ, ಅದರಲ್ಲೂ ನಕ್ಷತ್ರ ಆಮೆ. 2019ರಲ್ಲಿ ಸೈಟೀಸ್ ಒಪ್ಪಂದದಲ್ಲಿ (ದೇಶ ದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಅದನ್ನು ಅತಿ ಬಿಗಿಯಾದ ಒಂದನೇ ಪಟ್ಟಿಗೆ ಏರಿಸಿದ್ದೂ ಅದಕ್ಕೇ. ಚೀಲದಲ್ಲಿ ಸಿಕ್ಕ ಆಮೆ ಯಾವುದು ಅಂತ ಸರಿಯಾಗಿ ಹೇಳಿದರೆ ತಾನೇ ಅದು ಎಲ್ಲಿಂದ ಬಂತು, ವಾಪಸ್ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗುವುದು? ಮಡಗಾಸ್ಕರ್‌ನ ಆಮೆಯನ್ನು ನಕ್ಷತ್ರ ಆಮೆ ಅಂದುಕೊಂಡು ಭಾರತದ ಕಾಡಿಗೆ ಬಿಟ್ಟರೆ ಅದಕ್ಕೂ ಕಷ್ಟ, ಅಲ್ಲಿರುವುದಕ್ಕೂ ಕಷ್ಟ. ಜನ ಆಮೆಯ ಮುಖ ಕಲಿಯುವುದು ನಿಮ್ಮಂಥ ಪತ್ರಿಕೆ ನೋಡಿಯೇ. ತಪ್ಪು ಹೆಸರಿನ ಫೋಟೊವನ್ನು ಯಾರೋ ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ನಾನೂ ಹಾಗೆ ಇಟ್ಟುಕೊಂಡವನೇ.

ಇನ್ನೂ ಮೊದಲಿನ ಒಂದು ತೊಡಕಿದೆ, ಅದು ನಮ್ಮ ಭಾಷೆಯದ್ದು. ಕಡಲಲ್ಲಿರುವುದೂ ಆಮೆ, ಕೆರೆಯಲ್ಲಿರುವುದೂ ಆಮೆ, ಒಣನೆಲದಲ್ಲಿ ಹುಲ್ಲು ಮೇಯುವುದೂ ಆಮೆ. ತಪ್ಪೇನಿಲ್ಲ, ಎಲ್ಲ ಒಂದೇ ಬಳಗ. ಆದರೆ ಈ ಒಂದೇ ಹೆಸರಿನಿಂದ ಆದ ಅನಾಹುತ ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬರು ದಾರಿಯಲ್ಲಿ ಸಿಕ್ಕ ಆಮೆಯನ್ನು ‘ಪಾಪ’ ಅಂತ ಎತ್ತಿಕೊಂಡು ಹೋಗಿ ಆಳದ ನೀರಿಗೆ ಬಿಟ್ಟರು. ನಾನು ಓಡಿ ತಲುಪುವ ಹೊತ್ತಿಗೆ ಅದು ಕಲ್ಲಿನ ಹಾಗೆ ತಳ ಸೇರಿತ್ತು. ನೆಲದ ಆಮೆಗೆ ಈಜು ಬರುವುದಿಲ್ಲ ಸ್ವಾಮಿ. ಕಾಲು ನೋಡಿದ್ದರೆ ಸಾಕಿತ್ತು. ಕಡಲಾಮೆಯದ್ದು ದೋಣಿಯ ಹುಟ್ಟಿನಂಥ ಕಾಲು, ಕೆರೆ ಆಮೆಗೆ ಬೆರಳ ನಡುವೆ ಜಾಲಪೊರೆ, ನೆಲದ ಆಮೆಯದ್ದು ಬೆರಳೇ ಇಲ್ಲದ ಹಾಗೆ ಕಾಣುವ ಗುಂಡು ಕಂಬ, ತುದಿಯಲ್ಲಿ ಉಗುರು ಮಾತ್ರ. ಬೆನ್ನು ಗುಮ್ಮಟದ ಹಾಗಿದೆ ಅಂತ ಸುಮ್ನೆ ನೆಲದ ಆಮೆ ಅನ್ನಲೂಬೇಡಿ. ಅಮೆರಿಕದ ಬಾಕ್ಸ್ ಟರ್ಟಲ್‌ಗೂ ಗುಮ್ಮಟದ ಬೆನ್ನಿದೆ, ಅದು ವಾಸಿಸುವುದೂ ಜಾಸ್ತಿ ನೆಲದ ಮೇಲೆಯೇ, ಆದರೆ ಅದು ಕೆರೆ ಆಮೆಗಳ ಕುಟುಂಬಕ್ಕೆ ಸೇರಿದ್ದು. ಆನೆಕಾಲು ಅದಕ್ಕಿಲ್ಲ.

ಮುಂದಿನ ಸಲ ಆಮೆಯ ಫೋಟೊ ಬಂದಾಗ ಆಮೆಯ ಹಿಂಭಾಗ ಕಾಣುವುದನ್ನೂ ಒಂದು ಕೇಳಿ ತರಿಸಿಕೊಳ್ಳಿ. ನಗಬೇಡಿ. ಯುರೋಪು ಮತ್ತು ಮೆಡಿಟರೇನಿಯನ್ ಸುತ್ತಲಿನ ಆಮೆಗಳನ್ನು ಮುಂದಿನಿಂದ ನೋಡಿ ಹೇಳುತ್ತೇನೆ ಅನ್ನುವವರು ಬಹಳ ಧೈರ್ಯದವರು. ಗ್ರೀಕ್ ಆಮೆ ಅಂತ ಇದೆ, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟದ್ದು. ಹರ್ಮನ್ ಆಮೆ ಅಂತ ಇನ್ನೊಂದು. ಎರಡೂ ಹಳದಿ ಕಪ್ಪು, ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಈಗ ಹಿಂದೆ ಹೋಗಿ. ಬಾಲದ ಎರಡು ಪಕ್ಕದಲ್ಲಿ ತೊಡೆಯ ಮೇಲೆ ಒಂದೊಂದು ಮುಳ್ಳಿನಂಥ ಮೊನೆ ಇದ್ದರೆ ಗ್ರೀಕ್. ತೊಡೆ ನುಣುಪಾಗಿದ್ದು ಬಾಲದ ತುದಿಯಲ್ಲಿ ಉಗುರಿನಂಥ ಗಟ್ಟಿ ಮೊನೆ ಇದ್ದರೆ ಹರ್ಮನ್. ಬಾಲದ ಮೇಲಿನ ಬಿಲ್ಲೆ ಹರ್ಮನ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ, ಗ್ರೀಕ್‌ನಲ್ಲಿ ಒಂದೇ. ಆದರೆ ಇದೊಂದನ್ನೇ ನಂಬಬೇಡಿ, ಉಲ್ಟಾ ಇರುವವೂ ಸಿಗುತ್ತವೆ. ಅದೇ ಕಡೆಯ ಮಾರ್ಜಿನೇಟೆಡ್ ಆಮೆಯನ್ನು ಗುರುತು ಹಿಡಿಯಲು ಇಷ್ಟೆಲ್ಲ ಕಷ್ಟವಿಲ್ಲ. ಬೆಳೆದ ಆಮೆಯ ಚಿಪ್ಪಿನ ಹಿಂದಿನ ಅಂಚು ಲಂಗದ ನೆರಿಗೆಯ ಹಾಗೆ ಅಗಲವಾಗಿ ಹೊರಕ್ಕೆ ಚಾಚಿರುತ್ತದೆ. ಮರಿಯಲ್ಲಿ ಮಾತ್ರ ಆ ಲಂಗ ಇನ್ನೂ ಬಂದಿರುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಬಹಳ ವರ್ಷದಿಂದ ಆಮೆಗಳ ಬೆನ್ನು ಹತ್ತಿದವನು ನಾನು (ಆಮೆಯ ಬೆನ್ನು ಹತ್ತುವುದೇನು ದೊಡ್ಡ ಓಟವಲ್ಲ ಬಿಡಿ). ಒಮ್ಮೆ ಪರಿಚಯದವರೊಬ್ಬರು ಒಂದು ಆಮೆ ತೋರಿಸಿ ಯಾವುದು ಅಂದರು. ಬಾಲ ಎತ್ತಿ ನೋಡಿದೆ, ತುದಿಯಲ್ಲಿ ಮೊನೆ ಇತ್ತು. ಹರ್ಮನ್ ಅಂತ ಗತ್ತಿನಿಂದ ಹೇಳಿ ಬಂದೆ. ರಾತ್ರಿ ಮಲಗಿದಾಗ ಹೊಳೆಯಿತು, ಅದರ ಮುಂಗಾಲಿನಲ್ಲಿ ನಾಲ್ಕೇ ಉಗುರು ಇದ್ದವಲ್ಲ! ನಾಲ್ಕು ಉಗುರು ಅಂದರೆ ರಷ್ಯನ್ ಆಮೆ, ಹುಲ್ಲುಗಾವಲಿನ ಆಮೆ ಅಂತಲೂ ಅನ್ನುತ್ತಾರೆ. ಹರ್ಮನ್, ಗ್ರೀಕ್‌ಗೆಲ್ಲ ಮುಂಗಾಲಲ್ಲಿ ಸಾಮಾನ್ಯವಾಗಿ ಐದು. ರಷ್ಯನ್ ಆಮೆಗೂ ಬಾಲದ ತುದಿಯಲ್ಲಿ ಮೊನೆ ಇರುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಆದರೆ ಒಂದು ಗುರುತು ಸಿಕ್ಕ ಖುಷಿಯಲ್ಲಿ ಉಳಿದದ್ದು ನೋಡಲಿಲ್ಲ. ಬೆಳಿಗ್ಗೆ ಎದ್ದು ಫೋನ್ ಮಾಡಿ ತಿದ್ದಿದೆ. ಅವತ್ತಿನಿಂದ ಕತ್ತು, ಕಾಲು, ತೊಡೆ, ಬಾಲ, ಹೊಟ್ಟೆ ಎಲ್ಲ ನೋಡದೆ ಬಾಯಿ ಬಿಡುವುದಿಲ್ಲ. ಅಂದಹಾಗೆ ಈ ನಾಲ್ಕು ಉಗುರಿನ ಆಮೆ ಸಾಮಾನ್ಯದ್ದಲ್ಲ. 1968ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ದೇಶದ ಜೋಂಡ್ 5 ನೌಕೆಯಲ್ಲಿ ಇಂಥ ಎರಡು ಆಮೆಗಳು ಚಂದ್ರನನ್ನು ಸುತ್ತಿ ಜೀವಂತ ವಾಪಸ್ ಬಂದವು. ಮನುಷ್ಯರು ಅಪೊಲೊ 8ರಲ್ಲಿ ಅಲ್ಲಿಗೆ ಹೋಗುವುದಕ್ಕೆ ಮೂರು ತಿಂಗಳು ಮೊದಲೇ. ಆಮೆ ಗೆದ್ದ ಓಟ ಅಂದರೆ ಇದು.

ತೊಡೆಯ ಮೊನೆಯ ಮಾತು ಬಂದಾಗ ಆಫ್ರಿಕಾದ ಸಲ್ಕಾಟಾ ನೆನಪಾಗದೆ ಇರುವುದಿಲ್ಲ. ಇದರ ತೊಡೆಯಲ್ಲಿ ಒಂದಲ್ಲ, ಎರಡು ಮೂರು ದಪ್ಪ ಮೊನೆಗಳು. ಮೈಯೆಲ್ಲ ಮರಳಿನ ಬಣ್ಣ, ಗೆರೆ ಇಲ್ಲ ಮಚ್ಚೆ ಇಲ್ಲ. ಮುಂಗಾಲಿನ ಮೇಲೆ ಹೆಂಚು ಹೊದೆಸಿದ ಹಾಗೆ ಒಂದರ ಮೇಲೊಂದು ದೊಡ್ಡ ಹುರುಪೆ. ಕತ್ತಿನ ಬಿಲ್ಲೆ ಇಲ್ಲ. ದ್ವೀಪದ ದೈತ್ಯರನ್ನು ಬಿಟ್ಟರೆ ಇದೇ ಅತಿ ದೊಡ್ಡ ನೆಲದ ಆಮೆ, ಗಂಡು 80 ಸೆಂಟಿಮೀಟರ್ ದಾಟುವುದುಂಟು. ಅಂಗೈಯಲ್ಲಿ ಹಿಡಿಯುವ ಮರಿ ನೋಡಿ ಮರುಳಾಗಿ ಮನೆಗೆ ತಂದವರು ಆಮೇಲೆ ಏನು ಮಾಡುತ್ತಾರೆ ಅಂತ ಯೋಚಿಸಿ. ಮರಿ ಇದ್ದಾಗಲೇ ತೊಡೆ ನೋಡಿದ್ದರೆ ಆ ಪರಿಸ್ಥಿತಿ ಬರುತ್ತಿರಲಿಲ್ಲ, ಅಲ್ವಾ. ಅದೇ ಖಂಡದ ಲೆಪರ್ಡ್ ಆಮೆಗೂ ಕತ್ತಿನ ಬಿಲ್ಲೆ ಇಲ್ಲ, ಆದರೆ ಅದರ ಬೆನ್ನಿಗೆ ಚಿರತೆಯ ಹಾಗೆ ಚುಕ್ಕೆ ಚುಕ್ಕೆ. ಗೆರೆಯಲ್ಲ, ಚುಕ್ಕೆ. ಇದನ್ನೂ ನಕ್ಷತ್ರ ಆಮೆ ಅಂತ ಹಾಕಿದ್ದು ನೋಡಿದ್ದೇನೆ, ನಿಮ್ಮಲ್ಲಿ ಅಲ್ಲ ಬಿಡಿ.

ಕೆಲವು ಆಮೆಗಳು ನಮಗೆ ಕಷ್ಟವನ್ನೇ ಕೊಡುವುದಿಲ್ಲ. ಕೆನ್ಯಾ, ಟಾಂಜಾನಿಯಾ ಕಡೆಯ ಪ್ಯಾನ್‌ಕೇಕ್ ಆಮೆ ಚಪ್ಪಟೆ, ಚಿಪ್ಪು ಬಾಗುವಷ್ಟು ಮೆದು. ಅಪಾಯ ಬಂದರೆ ಒಳಗೆ ಮುದುಡಿಕೊಳ್ಳದೆ ಓಡಿಹೋಗಿ ಬಂಡೆ ಸಂದಿನಲ್ಲಿ ನುಗ್ಗುತ್ತದೆ. ಹಿಂಜ್‌ಬ್ಯಾಕ್ ಆಮೆಯ ಬೆನ್ನಲ್ಲೇ ಒಂದು ಕೀಲು ಇದೆ, ಬೆನ್ನ ಚಿಪ್ಪಿನ ಹಿಂಭಾಗವನ್ನು ಬಾಗಿಲಿನ ಹಾಗೆ ಇಳಿಸಿಕೊಳ್ಳುತ್ತದೆ. ಮಡಗಾಸ್ಕರ್‌ನ ಪ್ಲೌಶೇರ್ ಆಮೆಯ ಹೊಟ್ಟೆ ಚಿಪ್ಪು ಕತ್ತಿನ ಕೆಳಗಿನಿಂದ ನೇಗಿಲ ಗುಳದ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ಹೆಸರೂ ಅದೇ. ಬೆರಳೆಣಿಕೆಯಷ್ಟೇ ಉಳಿದಿರುವ ಇದನ್ನು ಕಳ್ಳರಿಂದ ಉಳಿಸಲು ಅದರ ಚಿಪ್ಪಿನ ಮೇಲೆ ಬೇಕಂತಲೇ ಅಂಕಿ ಕೊರೆಯುತ್ತಾರೆ, ಅಂದ ಕೆಟ್ಟರೆ ಕೊಳ್ಳುವವರು ಇರುವುದಿಲ್ಲ ಅಂತ. ಇದನ್ನು ಓದಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ನನಗೆ ಇಷ್ಟವಾಗುವುದು ಕಷ್ಟ ಕೊಡುವ ಜೋಡಿಗಳು. ದಕ್ಷಿಣ ಅಮೆರಿಕದ ಕೆಂಪು ಕಾಲಿನ ಆಮೆ, ಹಳದಿ ಕಾಲಿನ ಆಮೆ. ಹೆಸರಲ್ಲೇ ಉತ್ತರ ಇದೆ ಅಂದುಕೊಂಡರೆ ಕೆಟ್ಟಿರಿ. ಹಳದಿ ಕಾಲಿನದ್ದರಲ್ಲಿ ಕಿತ್ತಳೆ ಕಾಲಿನವೂ ಇರುತ್ತವೆ, ಕೆಂಪು ಕಾಲಿನದ್ದರಲ್ಲಿ ಹಳದಿಗೆ ತಿರುಗಿದವೂ ಇರುತ್ತವೆ. ಬಣ್ಣ ಬಿಟ್ಟು ಮೂಗಿನ ಹಿಂದೆ ತಲೆಯ ಮೇಲಿರುವ ಹುರುಪೆ ನೋಡಬೇಕು. ಆ ಜೋಡಿ ಹುರುಪೆ ಉದ್ದವಾಗಿದ್ದರೆ ಹಳದಿ ಕಾಲು, ಗಿಡ್ಡವಾಗಿದ್ದರೆ ಕೆಂಪು ಕಾಲು. ಬೆಳೆದ ಕೆಂಪು ಕಾಲಿನ ಆಮೆಯನ್ನು, ಅದರಲ್ಲೂ ಗಂಡನ್ನು ಮೇಲಿಂದ ನೋಡಿದರೆ ಸೊಂಟ ಕಟ್ಟಿದ ಹಾಗೆ ನಡುವೆ ಸಣ್ಣಗಾಗಿರುತ್ತದೆ. ಹಾಗೆಯೇ ಏಷ್ಯಾದ ಎರಡು: ನೀಳ ಚಿಪ್ಪಿನ ಇಲಾಂಗೇಟೆಡ್ ಆಮೆ ಮತ್ತು ಪಶ್ಚಿಮಘಟ್ಟದ ತಿರುವಾಂಕೂರು ಆಮೆ. ಬೆದೆಗೆ ಬಂದಾಗ ಎರಡಕ್ಕೂ ಕಣ್ಣು, ಮೂಗಿನ ಸುತ್ತ ಗುಲಾಬಿ ಬಣ್ಣ ಏರುತ್ತದೆ. ಮತ್ತೆ ನಮ್ಮ ಕತ್ತಿನ ಬಿಲ್ಲೆಯೇ ಗತಿ! ಇಲಾಂಗೇಟೆಡ್‌ಗೆ ಸಾಮಾನ್ಯವಾಗಿ ಇದೆ, ತಿರುವಾಂಕೂರಿನದ್ದಕ್ಕೆ ಇಲ್ಲ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಆಮೆಯೊಂದು ತಿರುವಾಂಕೂರು ಆಮೆಯನ್ನು ಎಷ್ಟು ಹೋಲುತ್ತದೆ ಅಂದರೆ ಕೆಲವು ಕಾಲ ಎರಡನ್ನೂ ಒಂದೇ ಜಾತಿ ಅಂತ ಸೇರಿಸಿಬಿಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಬೇರೆ ಬೇರೆ ಅಂತ ಖಾತ್ರಿಯಾಯಿತು.

ಅಂದರೆ ಕಣ್ಣಿಗೂ ಒಂದು ಮಿತಿ ಇದೆ. ಗ್ಯಾಲಪಗೋಸ್‌ನದ್ದೇ ತೆಗೆದುಕೊಳ್ಳಿ. 1835ರಲ್ಲಿ ಡಾರ್ವಿನ್ ಅಲ್ಲಿಗೆ ಹೋದಾಗ ಅಲ್ಲಿನ ಉಪರಾಜ್ಯಪಾಲ ಲಾಸನ್, ಆಮೆ ನೋಡಿದರೆ ಯಾವ ದ್ವೀಪದ್ದು ಅಂತ ಹೇಳಬಲ್ಲೆ ಅಂದಿದ್ದ. ಒಣ ದ್ವೀಪಗಳಲ್ಲಿ ಎತ್ತರದ ಕಳ್ಳಿಗೆ ಕತ್ತು ಚಾಚಬೇಕಾದ ಆಮೆಗಳ ಚಿಪ್ಪಿನ ಮುಂಭಾಗ ಕುದುರೆಯ ಜೀನಿನ ಹಾಗೆ ಮೇಲಕ್ಕೆದ್ದಿರುತ್ತದೆ, ಹಸಿರು ದಟ್ಟವಾದ ಕಡೆ ಗುಮ್ಮಟದ ಚಿಪ್ಪು. ಡಾರ್ವಿನ್ ಆಗ ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಡಗಿನವರು ಆಮೆಗಳನ್ನು ತಿಂದು ಚಿಪ್ಪುಗಳನ್ನು ಕಡಲಿಗೆ ಎಸೆದರು! ಇರಲಿ. ಆದರೆ ಅಲ್ಲಿನ ಸಾಂಟಾ ಕ್ರೂಸ್ ಎಂಬ ಒಂದೇ ದ್ವೀಪದಲ್ಲಿ, ಒಂದೇ ಜಾತಿ ಅಂತ ಎಲ್ಲರೂ ನಂಬಿದ್ದ ಗುಮ್ಮಟದ ಆಮೆಗಳು ನಿಜವಾಗಿ ಎರಡು ಜಾತಿ ಅಂತ ಬರೆದದ್ದು 2015ರಲ್ಲಿ, ಅದೂ ಡಿಎನ್‌ಎ ಆಧಾರದ ಮೇಲೆ. ಹಾಗಾಗಿ ಗ್ಯಾಲಪಗೋಸ್ ಆಮೆಯ ಫೋಟೊಕ್ಕೆ ದ್ವೀಪದ ಹೆಸರು ಹಾಕಲೇಬೇಕಿಲ್ಲ, ಫೋಟೊ ತೆಗೆದವರು ಹೇಳಿದ್ದರೆ ಮಾತ್ರ ಹಾಕಿ.

ಸಾಕಿದ ಆಮೆಗಳದ್ದು ಇನ್ನೊಂದು ಪಜೀತಿ. ಮರಿಯಿದ್ದಾಗ ತೇವ ಸಾಲದೆ ಬೆಳೆದ ಆಮೆಯ ಒಂದೊಂದು ಬಿಲ್ಲೆಯೂ ಪಿರಮಿಡ್ಡಿನ ಹಾಗೆ ಮೇಲಕ್ಕೆದ್ದುಬಿಡುತ್ತದೆ. ನಕ್ಷತ್ರ ಆಮೆಯ ಬಿಲ್ಲೆ ಮೊದಲೇ ಉಬ್ಬು, ಹಾಗಾಗಿ ‘ಬೆನ್ನು ಉಬ್ಬಿದೆ, ನಕ್ಷತ್ರ ಆಮೆ’ ಅಂತ ತೀರ್ಮಾನ ಮಾಡುವವರಿದ್ದಾರೆ. ಉಬ್ಬು ಜಾತಿಯ ಗುರುತೇ ಆಗಬೇಕಿಲ್ಲ, ಸಾಕಿದ ರೀತಿಯ ಗುರುತೂ ಆಗಿರಬಹುದು. ಬಿಲ್ಲೆಯ ಮೇಲಿನ ಬಳೆಗಳನ್ನು ಎಣಿಸಿ ವಯಸ್ಸು ಹೇಳುವುದನ್ನೂ ದಯವಿಟ್ಟು ನಿಲ್ಲಿಸೋಣ. ಒಂದೇ ವರ್ಷದಲ್ಲಿ ಎರಡು ಮೂರು ಬಳೆ ಮೂಡಬಹುದು, ಮುದಿ ಆಮೆಯಲ್ಲಿ ಅವು ಸವೆದು ನುಣುಪಾಗಿರುತ್ತವೆ. ನಿಮ್ಮ ಲೇಖನದಲ್ಲೂ ಆ ಮಾತು ಒಂದು ಕಡೆ ನುಸುಳಿದೆ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನಿಲ್ಲ. ಫೋಟೊ ಕಳಿಸುವವರಿಗೆ ಕತ್ತಿನ ಮೇಲ್ಭಾಗ, ಮುಂಗಾಲು, ಬಾಲದ ಕಡೆ, ಇಷ್ಟು ಕಾಣುವ ಚಿತ್ರ ಕೇಳಿ. ಹೊಟ್ಟೆ ನೋಡಬೇಕು ಅಂತ ಆಮೆಯನ್ನು ಮಗುಚಿ ಹಾಕಿ ಬಿಡಬೇಡಿ ಅಂತಲೂ ಹೇಳಿ, ಎತ್ತಿ ಹಿಡಿದು ಕೆಳಗಿಂದ ಒಂದು ಕ್ಲಿಕ್ ಸಾಕು. ಎಷ್ಟು ನೋಡಿದರೂ ಗೊತ್ತಾಗದಿದ್ದರೆ ಬರೀ ‘ಆಮೆ’ ಅಂತ ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಆ ಚಿಕ್ಕ ಫೋಟೊ ತೆಗೆದವರಿಗೆ ನನ್ನ ಮೆಚ್ಚುಗೆ ತಿಳಿಸಿ. ಕಪ್ಪು ಟೋಪಿ, ಕತ್ತಿನ ಬಿಲ್ಲೆ ಎರಡೂ ಅಷ್ಟು ಸ್ಪಷ್ಟವಾಗಿ ಕಾಣುವ ಚಿತ್ರ ಸಿಗುವುದು ಕಷ್ಟ. ತಿದ್ದುಪಡಿ ಹಾಕುವಾಗ ಅದನ್ನೇ ಮತ್ತೆ ಹಾಕಿ, ಈ ಸಲ ಸ್ವಲ್ಪ ದೊಡ್ಡದಾಗಿ.

ಇಂತಿ,
ನಿಮ್ಮ ಹಳೆಯ ಓದುಗ